ಒಲೆಯ ಮೇಲೆ ಗೆಲ್ಲುವ ಹುಳಿ ಚೆರ್ರಿ

ಹುಳಿ ಚೆರ್ರಿಯನ್ನು ಹಸಿಯಾಗಿ ಕಚ್ಚಿದರೆ ಹಲ್ಲು ಚುಳ್ ಎನ್ನುತ್ತದೆ, ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಅದನ್ನೇ ಸ್ವಲ್ಪ ಸಕ್ಕರೆ ಹಾಕಿ ಹತ್ತು ನಿಮಿಷ ಬೇಯಿಸಿ ನೋಡಿ, ರುಚಿಯೇ ಬೇರೆ. ಸಿಹಿ ಚೆರ್ರಿ ಬೆಂದರೆ ಸಪ್ಪೆ ಅನ್ನಿಸುತ್ತದೆ. ಹುಳಿ ಚೆರ್ರಿ ಹಾಗಲ್ಲ.

ಇದರಲ್ಲಿ ಸಕ್ಕರೆ ತೀರಾ ಕಡಿಮೆ ಇರಬೇಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಿಜ ಹೇಳಬೇಕೆಂದರೆ 100 ಗ್ರಾಂ ಹಣ್ಣಿನಲ್ಲಿ ಸುಮಾರು 8.5 ಗ್ರಾಂ ಸಕ್ಕರೆ ಇದೆ, ಸಿಹಿ ಚೆರ್ರಿಯಲ್ಲಿ ಸುಮಾರು 13. ಆ ಸಿಹಿಯನ್ನು ಮುಚ್ಚಿಹಾಕುವುದು ಮ್ಯಾಲಿಕ್ ಆಸಿಡ್, ಹಸಿರು ಸೇಬಿಗೆ ಹುಳಿ ಕೊಡುವುದೂ ಅದೇ. ಕುದಿಸಿದರೆ ಇದು ಆವಿಯಾಗಿ ಹೋಗುವುದಿಲ್ಲ, ಅದಕ್ಕೇ ಎಷ್ಟು ಬೇಯಿಸಿದರೂ ರುಚಿ ಚುರುಕಾಗಿಯೇ ಇರುತ್ತದೆ. ಇರಾನಿನವರು ಇದನ್ನು ಅನ್ನದ ಜೊತೆ ಬೇಯಿಸಿ ಆಲ್ಬಾಲೂ ಪೊಲೊ ಮಾಡುತ್ತಾರೆ, ಹಂಗೇರಿಯವರು ಹುಳಿ ಕೆನೆ ಸೇರಿಸಿ ತಣ್ಣನೆಯ ಸೂಪ್ ಮಾಡುತ್ತಾರೆ.

ಬಣ್ಣ ಕಾಯುವುದೂ ಈ ಹುಳಿಯೇ. ಹಣ್ಣಿನ ಕೆಂಪಿಗೆ ಕಾರಣ ಆಂಥೋಸಯಾನಿನ್. ಹುಳಿ ಇದ್ದಾಗ ಅದು ಕೆಂಪು, ಕ್ಷಾರ ತಾಗಿದರೆ ನೀಲಿ. ಕೇಕಿಗೆ ಸೋಡಾ ಜಾಸ್ತಿ ಬಿದ್ದಾಗ ಕತ್ತರಿಸಿ ನೋಡಿ, ಹಣ್ಣಿನ ಸುತ್ತ ಬೂದು ನೀಲಿ ಉಂಗುರ ಕಾಣುತ್ತದೆ. ನಾನು ಮೊದಲ ಸಲ ನೋಡಿದಾಗ ಹಣ್ಣು ಕೆಟ್ಟಿದೆ ಅಂತಲೇ ಅಂದುಕೊಂಡಿದ್ದೆ. ಏನೂ ಆಗಿರುವುದಿಲ್ಲ, ಧೈರ್ಯವಾಗಿ ತಿನ್ನಿ. ಮುಂದಿನ ಸಲ ಸೋಡಾ ಕಡಿಮೆ ಮಾಡಿ, ಇಲ್ಲವೇ ಹಿಟ್ಟಿಗೆ ಒಂದಿಷ್ಟು ಮೊಸರು ಸೇರಿಸಿ.

ಬೀಜ ತೆಗೆಯಲು ಬಿಡಿಸಿದ ಪೇಪರ್ ಕ್ಲಿಪ್ ಸಾಕು. ತೊಟ್ಟು ಇದ್ದ ಜಾಗದಲ್ಲಿ ತೂರಿಸಿ ಸ್ವಲ್ಪ ತಿರುಗಿಸಿದರೆ ಬೀಜ ಮೇಲೆ ಬರುತ್ತದೆ. ಬಟ್ಟಲಿನ ಮೇಲೆ ಹಿಡಿದು ಮಾಡಿ, ಏಕೆಂದರೆ ಸೋರುವ ಆ ರಸವನ್ನು ಸುಮ್ನೆ ಚೆಲ್ಲಬಾರದು. ಬೀಜವನ್ನು ಮಾತ್ರ ಜಜ್ಜಬೇಡಿ: ಒಳಗಿನ ತಿರುಳಿನಲ್ಲಿರುವ ಅಮಿಗ್ಡಲಿನ್‌ನಿಂದ ಸೈನೈಡ್ ಹುಟ್ಟುತ್ತದೆ. ಅಪ್ಪಿತಪ್ಪಿ ಒಂದು ಇಡೀ ಬೀಜ ನುಂಗಿದರೆ ಗಾಬರಿ ಬೇಡ, ಅದು ಹಾಗೇ ಹೊರಗೆ ಹೋಗುತ್ತದೆ.

ಇನ್ನು ಪೋಷಣೆ. 100 ಗ್ರಾಂ ಹಣ್ಣಿಗೆ ಸುಮಾರು 50 ಕ್ಯಾಲೊರಿ, 10 ಮಿಲಿಗ್ರಾಂ ವಿಟಮಿನ್ ಸಿ. ವಿಟಮಿನ್ ಎ ಅಂತೂ ಸಿಹಿ ಚೆರ್ರಿಗಿಂತ ಸುಮಾರು 20 ಪಟ್ಟು ಹೆಚ್ಚು! ನಿದ್ದೆ ಬರಿಸುವ ಮೆಲಟೋನಿನ್ ಇದೆ ಅಂತ ಎಲ್ಲರೂ ಹೇಳುತ್ತಾರೆ, ಇರುವುದೂ ನಿಜ. ಆದರೆ ಎಷ್ಟು? ಮಾಂಟ್‌ಮೊರೆನ್ಸಿ ತಳಿಯ ಒಂದು ಗ್ರಾಂ ಹಣ್ಣಿನಲ್ಲಿ ಸುಮಾರು 13 ನ್ಯಾನೊಗ್ರಾಂ. ಅಂದರೆ 100 ಗ್ರಾಂ ತಿಂದರೂ ಸಿಗುವುದು 1.3 ಮೈಕ್ರೊಗ್ರಾಂ, ಮಾತ್ರೆಗಳಲ್ಲಿ ಅದು ಮಿಲಿಗ್ರಾಂ ಲೆಕ್ಕದಲ್ಲಿ ಇರುತ್ತದೆ. ರಸ ಕುಡಿದವರಿಗೆ ನಿದ್ದೆ ಸುಧಾರಿಸಿತು, ಓಟದ ನಂತರದ ಮೈಕೈ ನೋವು ಕಡಿಮೆಯಾಯಿತು ಎಂದು ಕೆಲವು ಅಧ್ಯಯನಗಳು ಹೇಳಿವೆ, ಆದರೆ ಅವುಗಳಲ್ಲಿ ಹೆಚ್ಚಿನವು ಕೆಲವೇ ಜನರ ಮೇಲೆ ನಡೆದಂಥವು. ಗೌಟ್ ಎಂಬ ಕೀಲುನೋವಿಗೂ ಇದು ಒಳ್ಳೆಯದು ಅನ್ನುತ್ತಾರೆ, ಆದರೆ ಅದನ್ನು ನಂಬಿ ಮಾತ್ರೆ ನಿಲ್ಲಿಸುವುದು ಖಂಡಿತ ಬೇಡ.

ತಾಜಾ ಹಣ್ಣು ತುಂಬಾ ಮೆತ್ತಗೆ, ಬೇಗ ಹಾಳಾಗುತ್ತದೆ. ಹಾಗಾಗಿ ಫ್ರೀಜ್ ಮಾಡಿದ್ದೇ ಅಡುಗೆಗೆ ಒಳ್ಳೆಯದು. ಒಣಗಿಸಿದ್ದು ಕೊಳ್ಳುವಾಗ ಪೊಟ್ಟಣದ ಹಿಂಬದಿ ಒಮ್ಮೆ ಓದಿ, ಹೆಚ್ಚಿನದಕ್ಕೆ ಸಕ್ಕರೆ ಬೆರೆಸಿರುತ್ತಾರೆ.