ಹೊಗಳಿಕೆಯ ಹೊರೆ: ವಿವಿಯನ್ ಲೀ ಅವರ ಮೊದಲ ವರ್ಷಗಳು

1935ರ ಮೇ 15ರಂದು ಲಂಡನ್ನಿನ ಅಂಬಾಸಡರ್ಸ್ ರಂಗಮಂದಿರದಲ್ಲಿ 'ದಿ ಮಾಸ್ಕ್ ಆಫ್ ವರ್ಚ್ಯೂ' ಎಂಬ ನಾಟಕ ಮೊದಲ ಬಾರಿಗೆ ತೆರೆ ಕಂಡಿತು. ಅದರಲ್ಲಿ ಮುಖ್ಯ ಪಾತ್ರ ವಹಿಸಿದ್ದ 21 ವರ್ಷದ ನಟಿಯ ಹೆಸರು ಅಂದಿನ ಸಂಜೆಯವರೆಗೆ ನಗರದ ಪ್ರೇಕ್ಷಕರಿಗೆ ಹೆಚ್ಚುಕಡಿಮೆ ಅಪರಿಚಿತವಾಗಿತ್ತು. ಮರುದಿನದ ಪತ್ರಿಕೆಗಳು ಆಕೆಯನ್ನು ಹೊಗಳಲು ಪೈಪೋಟಿಗಿಳಿದವು; ಒಬ್ಬ ವಿಮರ್ಶಕರಂತೂ ಆಕೆಯನ್ನು ಮಹಾನಟಿ ಎಂದೇ ಕರೆದುಬಿಟ್ಟರು. ವಿವಿಯನ್ ಲೀ ಅವರ ಬದುಕಿನ ಉದ್ದಕ್ಕೂ ಕೇಳಿಬಂದ ಒಂದು ಪ್ರಶ್ನೆ, ಅಂದರೆ ಜನ ಮೆಚ್ಚಿದ್ದು ಅವರ ರೂಪವನ್ನೋ ಅಭಿನಯವನ್ನೋ ಎಂಬುದು, ಹುಟ್ಟಿದ್ದು ಆ ಒಂದು ಸಂಜೆಯಲ್ಲಿ. ಆದರೆ ಅದರ ಬೇರುಗಳನ್ನು ಹುಡುಕಬೇಕಾದರೆ ಇನ್ನೂ ಹಿಂದಕ್ಕೆ, ಭಾರತಕ್ಕೇ ಬರಬೇಕಾಗುತ್ತದೆ.

ವಿವಿಯನ್ ಮೇರಿ ಹಾರ್ಟ್ಲಿ 1913ರ ನವೆಂಬರ್ 5ರಂದು ಡಾರ್ಜಿಲಿಂಗ್‌ನಲ್ಲಿ ಜನಿಸಿದರು. ತಂದೆ ಅರ್ನೆಸ್ಟ್ ಹಾರ್ಟ್ಲಿ ಕಲ್ಕತ್ತೆಯಲ್ಲಿ ಬ್ರೋಕರ್ ಆಗಿದ್ದರು. ಮೊದಲ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ, ಅವರು ಅಶ್ವದಳದ ಅಧಿಕಾರಿಯಾಗಿ ಬೆಂಗಳೂರಿಗೆ ವರ್ಗವಾದಾಗ ತಾಯಿ ಗರ್ಟ್ರೂಡ್ ಮಗಳೊಂದಿಗೆ ಊಟಿಯಲ್ಲಿ ಉಳಿದರು. ದಂಡಿನ ಊರಿನ ಸೆಕೆಯಿಂದ ಕುಟುಂಬವನ್ನು ಬೆಟ್ಟದ ಮೇಲೆ ಇರಿಸುವುದು ಆ ಕಾಲದ ಇಂಗ್ಲಿಷರ ರೂಢಿ. ಬೆಂಗಳೂರಿನ ಹವೆಯನ್ನೂ ಅವರು ಸೆಕೆ ಎಂದು ಎಣಿಸಿದ್ದರೇ ಎಂಬುದು ನಮ್ಮಂಥವರಿಗೆ ಬರುವ ಸಂದೇಹ. ಗರ್ಟ್ರೂಡ್ ಅವರಿಗೆ ಹವ್ಯಾಸಿ ರಂಗಭೂಮಿಯ ಒಲವಿತ್ತು. ಅವರ ತಂಡದ ಕಾರ್ಯಕ್ರಮವೊಂದರಲ್ಲಿ, ಕುರಿ ಕಳೆದುಕೊಂಡ ಪುಟ್ಟ ಹುಡುಗಿಯ ಶಿಶುಗೀತೆಯನ್ನು ಒಪ್ಪಿಸಿದಾಗ ಮಗುವಿಗೆ ಮೂರೇ ವರ್ಷ.

ಭಾರತದಲ್ಲಿದ್ದ ಬ್ರಿಟಿಷ್ ಕುಟುಂಬಗಳು ಮಕ್ಕಳನ್ನು ಆರೇಳನೆಯ ವಯಸ್ಸಿಗೆ ಇಂಗ್ಲೆಂಡಿಗೆ ಕಳುಹಿಸುತ್ತಿದ್ದುದಕ್ಕೆ ಹವಾಮಾನ, ಕಾಯಿಲೆಗಳ ಭಯದ ಜೊತೆಗೆ ಇನ್ನೊಂದು ಕಾರಣವೂ ಇತ್ತು. ಆಯಾಗಳ ಮಡಿಲಲ್ಲಿ ಬೆಳೆಯುವ ಮಕ್ಕಳ ಇಂಗ್ಲಿಷಿಗೆ ಈ ನೆಲದ ಉಚ್ಚಾರಣೆ ಅಂಟಿಕೊಂಡೀತೆಂಬ ಅಂಜಿಕೆ ಅದು. ಅದನ್ನು 'ಚೀ-ಚೀ' ಉಚ್ಚಾರಣೆ ಎಂದು ಅವರು ಹಳಿಯುತ್ತಿದ್ದರು. ವಿವಿಯನ್ ಕೂಡ 1920ರಲ್ಲಿ ಲಂಡನ್ನಿನ ಅಂಚಿನ ರೋಹ್ಯಾಂಪ್ಟನ್‌ನಲ್ಲಿದ್ದ ಸೇಕ್ರೆಡ್ ಹಾರ್ಟ್ ಕಾನ್ವೆಂಟ್ ಸೇರಿದರು. ಮಗಳನ್ನು ಬಿಟ್ಟು ತಾಯಿ ಭಾರತಕ್ಕೆ ಮರಳಿದರು. ಅಷ್ಟು ಚಿಕ್ಕ ಮಗು ಬೇರೆ ಯಾರೂ ಅಲ್ಲಿರಲಿಲ್ಲವಾದ್ದರಿಂದ, ಬೆಕ್ಕಿನ ಮರಿಯೊಂದನ್ನು ಹಾಸಿಗೆಯಲ್ಲಿ ಜೊತೆಗಿಟ್ಟುಕೊಳ್ಳಲು ಸನ್ಯಾಸಿನಿಯರು ಆಕೆಗೆ ಮಾತ್ರ ಅನುಮತಿ ಕೊಟ್ಟರು. ಬೆಕ್ಕಿನ ಮೇಲಿನ ಆ ಅಕ್ಕರೆ ಅವರಲ್ಲಿ ಕೊನೆಯವರೆಗೂ ಉಳಿಯಿತು. ಮುಂದೆ ಹಾಲಿವುಡ್ ತಾರೆಯಾದ ಮೌರೀನ್ ಓಸಲಿವನ್ ಅದೇ ಶಾಲೆಯಲ್ಲಿದ್ದರು. ದೊಡ್ಡವಳಾದ ಮೇಲೆ ತಾನು ಮಹಾನಟಿಯಾಗುವೆನೆಂದು ವಿವಿಯನ್ ಹೇಳಿಕೊಂಡದ್ದು ಈ ಗೆಳತಿಯ ಬಳಿ.

ಯುರೋಪಿನ ಹಲವು ಶಾಲೆಗಳನ್ನು ಸುತ್ತಿ 1931ರಲ್ಲಿ ಇಂಗ್ಲೆಂಡಿಗೆ ಮರಳಿದಾಗ, ಲಂಡನ್ನಿನಲ್ಲಿ ಓಸಲಿವನ್ ನಟಿಸಿದ ಚಿತ್ರವೊಂದು ಓಡುತ್ತಿತ್ತು. ಅದನ್ನು ಕಂಡ ಮೇಲೆ ಹಳೆಯ ಆಸೆ ಮತ್ತೆ ಚಿಗುರಿತು. ತಂದೆಯೇ ಮಗಳನ್ನು ರಾಯಲ್ ಅಕಾಡೆಮಿ ಆಫ್ ಡ್ರಮಾಟಿಕ್ ಆರ್ಟ್‌ಗೆ ಸೇರಿಸಿದರು. ಆದರೆ 1932ರ ಡಿಸೆಂಬರ್ 20ರಂದು, ತಮಗಿಂತ 13 ವರ್ಷ ಹಿರಿಯರಾದ ಬ್ಯಾರಿಸ್ಟರ್ ಹರ್ಬರ್ಟ್ ಲೀ ಹೋಲ್ಮನ್ ಅವರನ್ನು ಮದುವೆಯಾದ ಬಳಿಕ ಆ ತರಬೇತಿ ಅರ್ಧಕ್ಕೇ ನಿಂತಿತು. ರಂಗಭೂಮಿಯ ಜನರ ಬಗ್ಗೆ ಪತಿಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ. 1933ರ ಅಕ್ಟೋಬರ್‌ನಲ್ಲಿ ಮಗಳು ಸುಝಾನ್ ಹುಟ್ಟಿದಳು. ಮುಂದೆ ನಡೆದದ್ದನ್ನೆಲ್ಲ ತೂಗುವಾಗ ಈ ಅರೆ ತರಬೇತಿಯನ್ನು ನೆನಪಿಡಬೇಕು.

ಚಿತ್ರವೊಂದರಲ್ಲಿ ಶಾಲಾ ವಿದ್ಯಾರ್ಥಿನಿಯ ಸಣ್ಣ ಪಾತ್ರ ದೊರೆತ ಮೇಲೆ ಜಾನ್ ಗ್ಲಿಡನ್ ಎಂಬ ಏಜೆಂಟ್ ಅವರ ಕೆಲಸ ನೋಡಿಕೊಳ್ಳತೊಡಗಿದರು. ಹೋಲ್ಮನ್ ಎಂಬ ಹೆಸರು ತಾರೆಗೆ ಒಪ್ಪುವುದಿಲ್ಲವೆಂದು ಗ್ಲಿಡನ್ ಸೂಚಿಸಿದ ಹೆಸರು 'ಏಪ್ರಿಲ್ ಮಾರ್ನ್'. ಅದನ್ನು ನಿರಾಕರಿಸಿ, ಪತಿಯ ಹೆಸರಿನ ನಡುವಿನ 'ಲೀ'ಯನ್ನು ಅವರು ತಮ್ಮದಾಗಿಸಿಕೊಂಡರು. 'ದಿ ಮಾಸ್ಕ್ ಆಫ್ ವರ್ಚ್ಯೂ' ನಾಟಕದ ನಿರ್ಮಾಪಕ ಸಿಡ್ನಿ ಕ್ಯಾರಲ್ ಮುಂದೆ ಮೊದಲ ಹೆಸರಿನ ಒಂದು ಅಕ್ಷರವನ್ನೂ ಬದಲಿಸಿ, ಗಂಡಸರಿಗೂ ಇರುವ ಆ ಹೆಸರನ್ನು ಹೆಣ್ಣಿನದೇ ಆಗಿಸಿದರು. ಕನ್ನಡದಲ್ಲಿ ಬರೆದರೆ ಈ ತಿದ್ದುಪಡಿ ಕಣ್ಣಿಗೆ ಬೀಳುವುದೇ ಇಲ್ಲ.

ಮೊದಲು ಭೇಟಿಯಾದಾಗ ಈಕೆಯಲ್ಲಿ ವಿಶೇಷವೇನೂ ಇಲ್ಲವೆಂದು ಕೈಬಿಟ್ಟಿದ್ದ ಚಿತ್ರ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ, ಮೇ 15ರ ಪ್ರದರ್ಶನವನ್ನು ಕಂಡು ತಮ್ಮ ತಪ್ಪನ್ನು ಒಪ್ಪಿಕೊಂಡು ಒಪ್ಪಂದಕ್ಕೆ ಮುಂದಾದರು. ಅದನ್ನು ಪತ್ರಿಕೆಗಳು 50,000 ಪೌಂಡುಗಳ ಒಪ್ಪಂದವೆಂದು ಸಾರಿದವು. ಈ ಜಯವನ್ನು ನೆಚ್ಚಿ ಕ್ಯಾರಲ್ ನಾಟಕವನ್ನು ಸೇಂಟ್ ಜೇಮ್ಸ್ ಎಂಬ ದೊಡ್ಡ ರಂಗಮಂದಿರಕ್ಕೆ ಒಯ್ದರು. ಅಲ್ಲಿ ಕಷ್ಟ ಎದುರಾಯಿತು. ಪುಟ್ಟ ಅಂಬಾಸಡರ್ಸ್‌ನಲ್ಲಿ ಪ್ರೇಕ್ಷಕರನ್ನು ಹಿಡಿದಿಟ್ಟಿದ್ದ ಮೆಲುದನಿ ಈ ಮಂದಿರದ ಹಿಂದಿನ ಸಾಲುಗಳನ್ನು ಮುಟ್ಟಲಿಲ್ಲ. ಮೈಕು ಇಲ್ಲದ ಕಾಲದಲ್ಲಿ ರಂಗದ ಮೇಲೆ ನಿಲ್ಲುವವರಿಗೆ ಕಂಠವೇ ಅರ್ಧ ವಿದ್ಯೆ ಎಂಬುದು ನಮ್ಮ ಕಂಪನಿ ನಾಟಕಗಳನ್ನು ಬಲ್ಲವರಿಗೆ ಹೊಸತಲ್ಲ. ನಾಟಕ ಹೆಚ್ಚು ದಿನ ಉಳಿಯದೆ ನಿಂತುಹೋಯಿತು.

ಮಹಾನಟಿ ಎಂದು ಬರೆದ ಆ ವಿಮರ್ಶಕರನ್ನು ಲೀ ಮರೆಯಲೂ ಇಲ್ಲ, ಕ್ಷಮಿಸಲೂ ಇಲ್ಲ. ತಮಗೆ ಹೊರಲಾಗದ ಹೊರೆಯನ್ನು ಆ ಮಾತು ಹೊರಿಸಿತೆಂದೂ, ಅದಕ್ಕೆ ತಕ್ಕವರಾಗಲು ವರ್ಷಗಟ್ಟಲೆ ಕಲಿಯಬೇಕಾಯಿತೆಂದೂ ಅವರು ಮುಂದೆ ಹೇಳಿದ್ದರು. ಹೊಗಳಿದವರ ಮೇಲೆ ಇಷ್ಟು ಕೋಪ ಇಟ್ಟುಕೊಂಡ ಕಲಾವಿದರು ಅಪರೂಪ. ಅವರ ಪ್ರಾಮಾಣಿಕತೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಾಣದು.

ಕಲಿಕೆಗೆ ಅವಕಾಶ ಬಂದದ್ದು ಇಂಗ್ಲಿಷ್ ನಟ ಲಾರೆನ್ಸ್ ಒಲಿವಿಯರ್ ಅವರ ಮೂಲಕ. 'ಫೈರ್ ಓವರ್ ಇಂಗ್ಲೆಂಡ್' ಚಿತ್ರದಲ್ಲಿ ಜೊತೆಯಾಗಿ ನಟಿಸಿದ ಇಬ್ಬರೂ ಆಗ ಬೇರೆಯವರನ್ನು ಮದುವೆಯಾಗಿದ್ದರು. ಆದರೂ ಒಲವು ಬೆಳೆಯಿತು. 1937ರಲ್ಲಿ ಡೆನ್ಮಾರ್ಕಿನ ಎಲ್ಸಿನೋರ್ ಕೋಟೆಯ ಅಂಗಳದಲ್ಲಿ 'ಹ್ಯಾಮ್ಲೆಟ್' ಆಡಬೇಕಾಗಿದ್ದ ದಿನ ಮಳೆ ಸುರಿಯಿತು. ಕಲಾವಿದರು ಹತ್ತಿರದ ಹೋಟೆಲಿನ ನೃತ್ಯಶಾಲೆಗೆ ಧಾವಿಸಿ, ರಂಗಸಜ್ಜಿಕೆಯಿಲ್ಲದೆ, ಕುರ್ಚಿಗಳಲ್ಲಿ ಕುಳಿತ ಗಣ್ಯರ ನಡುವೆಯೇ ಆಡಿದರು. ಒಫೀಲಿಯಾ ಪಾತ್ರದಲ್ಲಿದ್ದ ಲೀ ಅವರಿಗೆ ಅಂದು ಹಿಂದಿನ ಸಾಲಿನ ಚಿಂತೆಯಂತೂ ಇದ್ದಿರಲಾರದು.

1938ರ ಡಿಸೆಂಬರ್‌ನಲ್ಲಿ ಹಾಲಿವುಡ್ಡಿನಲ್ಲಿ, 'ಗಾನ್ ವಿತ್ ದಿ ವಿಂಡ್' ಚಿತ್ರಕ್ಕಾಗಿ ಅಟ್ಲಾಂಟಾ ನಗರ ಉರಿಯುವ ದೃಶ್ಯದ ಚಿತ್ರೀಕರಣ ನಡೆಯುತ್ತಿದ್ದ ರಾತ್ರಿ, ಅವರನ್ನು ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ ಅವರಿಗೆ ಪರಿಚಯಿಸಲಾಯಿತು. ಎರಡು ವರ್ಷಗಳಿಂದ ನಡೆದಿದ್ದ ನಾಯಕಿಯ ಹುಡುಕಾಟ ಅಲ್ಲಿಗೆ ಮುಗಿಯಿತು. ಅಮೆರಿಕದ ದಕ್ಷಿಣದ ಹೆಣ್ಣಾಗಿ ಇಂಗ್ಲಿಷ್ ನಟಿಯೇ ಎಂಬ ಆಕ್ಷೇಪ ಎದ್ದಿತು. ಜಾರ್ಜಿಯಾದ ಸೂಸನ್ ಮೈರಿಕ್ ಅವರಿಂದ ಲೀ ಅಲ್ಲಿನ ಮಾತಿನ ಧಾಟಿಯನ್ನು ಕಲಿತರು. ಉಚ್ಚಾರಣೆ ಕೆಡದಿರಲೆಂದು ಕಡಲಾಚೆಗೆ ಕಳುಹಿಸಲ್ಪಟ್ಟ ಮಗು, ಇನ್ನೊಂದು ನೆಲದ ಉಚ್ಚಾರಣೆಯಿಂದ 1940ರ ಫೆಬ್ರವರಿ 29ರಂದು ಆಸ್ಕರ್ ಪಡೆಯಿತು. ಕ್ಯಾಮೆರಾದ ಮುಂದೆ ಮೆಲುದನಿ ದೋಷವೇ ಅಲ್ಲ. ಅಲ್ಲಿ ಮೈಕು ಹತ್ತಿರವಿರುತ್ತದೆ.

ಆದರೆ ಅವರ ಮನಸ್ಸಿದ್ದುದು ರಂಗದ ಮೇಲೆ. ಅದೇ ವರ್ಷ ಮೇ ತಿಂಗಳಿನಲ್ಲಿ ಅವರೂ ಒಲಿವಿಯರ್ ಅವರೂ ನ್ಯೂಯಾರ್ಕಿನಲ್ಲಿ 'ರೋಮಿಯೋ ಅಂಡ್ ಜೂಲಿಯೆಟ್' ಆಡಿದರು. ಇಬ್ಬರೂ ಸುಂದರರೇ, ಅಭಿನಯ ಮಾತ್ರ ಕಾಣುವುದಿಲ್ಲ ಎಂಬ ಧಾಟಿಯಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ವಿಮರ್ಶಕರು ಬರೆದರು. ನಾಟಕ ಬೇಗನೆ ನಿಂತಿತು, ಇಬ್ಬರೂ ಅದಕ್ಕೆ ಹಾಕಿದ್ದ ಉಳಿತಾಯ ಮರಳಿ ಬರಲಿಲ್ಲ.