ಸಮಚಿಹ್ನೆಯನ್ನೇ ತಿದ್ದುವ ಲೈಬ್ರರಿಗಳು

ಲೈಬ್ರರಿ ಅಂದರೆ ಯಾರೋ ಬರೆದಿಟ್ಟ ಸಿದ್ಧ ಕೋಡಿನ ಮೂಟೆ, ಬೇಕಾದದ್ದನ್ನು ಎತ್ತಿಕೊಂಡರಾಯಿತು ಎಂದೇ ಪ್ರೋಗ್ರಾಮರುಗಳಲ್ಲೂ ಬಹಳ ಮಂದಿ ತಿಳಿದಿದ್ದಾರೆ. ತರ್ಕದ ನಿಯಮಗಳನ್ನು ಕೊಟ್ಟರೆ ಉತ್ತರವನ್ನು ತಾನೇ ಹುಡುಕುವ ಪ್ರೋಲಾಗ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮಟ್ಟಿಗೆ ಇದು ಅರ್ಧ ಸತ್ಯ. ಎರಡು ಪಟ್ಟಿಗಳನ್ನು ಜೋಡಿಸುವ ಅಪೆಂಡ್, ಪಟ್ಟಿಯಲ್ಲಿ ಹುಡುಕುವ ಮೆಂಬರ್ ಇವೆಲ್ಲ ಮೂಟೆಯ ಸರಕೇ, ಒಪ್ಪೋಣ. ಆದರೆ ಇನ್ನು ಕೆಲವು ಲೈಬ್ರರಿಗಳು ಭಾಷೆಯ ಹೊಟ್ಟೆಗೇ ಕೈಹಾಕಿ 'ಸಮ' ಎಂಬುದರ ಅರ್ಥವನ್ನು ಬದಲಿಸಿಬಿಡುತ್ತವೆ.

ಪ್ರೋಲಾಗ್‌ನಲ್ಲಿ ಇನ್ನೂ ಬೆಲೆ ಸಿಗದ ಚರ ಮಹಾ ಸಾಧು. 5 ಕೊಟ್ಟರೂ ಸೈ, ಒಂದು ಪಟ್ಟಿ ಕೊಟ್ಟರೂ ಸೈ, ಯಾವುದರ ಜೊತೆಗಾದರೂ ಹೊಂದಿಕೊಳ್ಳುತ್ತದೆ. 'ಕ ಎಂಬುದು 2ರಿಂದ 10ರೊಳಗಿನ ಸಂಖ್ಯೆ, ಯಾವುದೆಂದು ಆಮೇಲೆ ನೋಡೋಣ' ಎಂದು ಅದಕ್ಕೆ ಹೇಳುವುದು ಹೇಗೆ? ಭಾಷೆಯ ಮಾಮೂಲಿ ಗಣಿತಕ್ಕೆ ಬಲಬದಿಯ ಚರಗಳೆಲ್ಲ ಮೊದಲೇ ಗೊತ್ತಿರಬೇಕು. ಇಲ್ಲದಿದ್ದರೆ ದೋಷಸಂದೇಶ ಕೊಟ್ಟು ನಿಂತುಬಿಡುತ್ತದೆ.

1972ರಲ್ಲಿ ಫ್ರಾನ್ಸಿನ ಮಾರ್ಸೆಯಲ್ಲಿ ಅಲೇನ್ ಕೋಲ್ಮರೊಯರ್ ತಂಡ ಪ್ರೋಲಾಗನ್ನು ಕಟ್ಟಿತು. ಹತ್ತು ವರ್ಷಗಳ ನಂತರ ಅದೇ ತಂಡದ ಪ್ರೋಲಾಗ್ 2ರಲ್ಲಿ 'ಇವೆರಡು ಎಂದೂ ಒಂದಾಗಕೂಡದು', 'ಬೆಲೆ ಬರುವವರೆಗೆ ಈ ಕೆಲಸ ತಡೆದಿಡು' ಎನ್ನುವ ಸೌಲಭ್ಯಗಳು ಬಂದವು. ಆದರೆ ಅವು ಭಾಷೆಯನ್ನು ಓಡಿಸುವ ಎಂಜಿನ್ನಿಗೇ ಬೆಸೆದುಕೊಂಡಿದ್ದವು. ಮೂರನೆಯ ಬಗೆಯ ನಿರ್ಬಂಧ ಬೇಕೆಂದರೆ ಎಂಜಿನ್ನನ್ನೇ ಬಿಚ್ಚಬೇಕಿತ್ತು. 1990ರ ಆಸುಪಾಸಿನಲ್ಲಿ ವಿಯೆನ್ನಾದ ಉಲ್ರಿಚ್ ನಾಯ್‌ಮರ್ಕೆಲ್ ಮತ್ತು ಕ್ರಿಶ್ಚಿಯನ್ ಹೋಲ್ಜ್‌ಬೌರ್ ತೋರಿಸಿದ ದಾರಿ ಈ ಕಷ್ಟವನ್ನು ತಪ್ಪಿಸಿತು: ಚರಕ್ಕೊಂದು ಚೀಟಿ ಕಟ್ಟಿ, ಚೀಟಿ ಓದುವ ಕೆಲಸ ಲೈಬ್ರರಿಗೆ ಬಿಡಿ.

ಖಾಲಿ ಪೆಟ್ಟಿಗೆಗೆ 'ಗಾಜು ಮಾತ್ರ' ಎಂದು ಚೀಟಿ ಅಂಟಿಸಿದ ಹಾಗೆ. ಅಷ್ಟೇ ಆಗಿದ್ದರೆ ಅದು ಬರೀ ಚೀಟಿ; ಇಲ್ಲಿ ಮುಚ್ಚಳ ತೆಗೆದ ಕೂಡಲೇ ಬಾರಿಸುವ ಗಂಟೆಯೂ ಇದೆ. ಗಂಟೆಯ ಸದ್ದಿಗೆ ಓಡಿಬರುವ ಕಾವಲುಗಾರನೇ ಲೈಬ್ರರಿ: ಒಳಗೆ ಬಿದ್ದದ್ದು ಗಾಜಲ್ಲವಾದರೆ 'ಆಗದು' ಎನ್ನುತ್ತಾನೆ, ಪ್ರೋಲಾಗ್ ಬಂದ ದಾರಿಯಲ್ಲೇ ಹಿಂದಿರುಗಿ ಇನ್ನೊಂದು ದಾರಿ ಹಿಡಿಯುತ್ತದೆ. ಹಿಂದಿರುಗುವಾಗ ಚೀಟಿಯ ಬರಹವೂ ಹಳೆಯ ಸ್ಥಿತಿಗೆ ಮರಳುತ್ತದೆ. ಈ ಲೆಕ್ಕವನ್ನು ಚೀಟಿಯ ಬದಲು ಅಸರ್ಟ್ ಎಂಬ ಆಜ್ಞೆ ಬಳಸಿ ಪ್ರೋಲಾಗ್ ತನ್ನ ನಿಯಮಗಳನ್ನಿಡುವ ಡೇಟಾಬೇಸಿನಲ್ಲಿ ಇಟ್ಟವರ ಲೈಬ್ರರಿ ಎರಡನೇ ಉತ್ತರದಿಂದಲೇ ತಪ್ಪತೊಡಗುತ್ತದೆ. ಅಲ್ಲಿ ಬರೆದದ್ದು ತಾನಾಗಿ ಅಳಿಯುವುದಿಲ್ಲ.

ಪ್ರೋಲಾಗ್‌ನ ಜನಪ್ರಿಯ ರೂಪಗಳಲ್ಲೊಂದಾದ ಎಸ್‌ಡಬ್ಲ್ಯುಐ ಪ್ರೋಲಾಗ್‌ನಲ್ಲಿ ಸ್ವಂತ ಲೈಬ್ರರಿ ಬರೆಯಲು ಮುಖ್ಯವಾಗಿ ಬೇಕಾದದ್ದು ಎರಡೇ: ಮಾಡ್ಯೂಲಿನ (ಲೈಬ್ರರಿಯ ನಿಯಮಗಳಿರುವ ಪ್ರತ್ಯೇಕ ಕೋಣೆಯ) ಹೆಸರಿನಲ್ಲಿ ಚೀಟಿ ಕಟ್ಟುವ ಆಜ್ಞೆ, ಚರಕ್ಕೆ ಜೊತೆ ಸಿಕ್ಕಾಗ ಎಂಜಿನ್ ಕರೆಯುವ ಒಂದು ಕೊಂಡಿ. ಕೊಂಡಿಯ ಕೈಗೆ ಚೀಟಿಯ ಬರಹವೂ ಎದುರು ಪಕ್ಷವೂ ಬರುತ್ತವೆ. ಎದುರಿಗಿರುವುದು ಸಂಖ್ಯೆಯಾದರೆ ವ್ಯಾಪ್ತಿಯೊಳಗಿದೆಯೇ ನೋಡಿದರೆ ಮುಗಿಯಿತು. ಎಡವುವುದು ಎದುರಿಗೂ ಚೀಟಿಯಿರುವ ಚರ ಬಂದಾಗ. ಒಂದರಲ್ಲಿ 2ರಿಂದ 10, ಇನ್ನೊಂದರಲ್ಲಿ 7ರಿಂದ 15 ಇದ್ದರೆ, ಎರಡಕ್ಕೂ ಸೇರುವ 7ರಿಂದ 10ನ್ನು ಉಳಿದ ಚರದ ಮೇಲೆ ಹೊಸದಾಗಿ ಬರೆಯಬೇಕು. ಏನೂ ಉಳಿಯದಿದ್ದರೆ ಸೋಲಬೇಕು, ಒಂದೇ ಉಳಿದರೆ ಅದನ್ನೇ ಬೆಲೆಯಾಗಿ ಕೊಟ್ಟುಬಿಡಬೇಕು. ಇದನ್ನು ಮರೆತರೆ ಒಂದು ನಿರ್ಬಂಧ ಸದ್ದಿಲ್ಲದೆ ಮಾಯವಾಗುತ್ತದೆ. ದೋಷಸಂದೇಶವಿಲ್ಲ, ಉತ್ತರ ಮಾತ್ರ ತಪ್ಪು.

ಪೂರ್ಣಾಂಕಗಳ ನಿರ್ಬಂಧ ಬಿಡಿಸುವ ಸಿಎಲ್‌ಪಿ‌ಎಫ್‌ಡಿ ಎಂಬ ದೊಡ್ಡ ಲೈಬ್ರರಿ ನಿಂತಿರುವುದೂ ಇದೇ ಚೀಟಿಗಳ ಮೇಲೆ. ಮಾರ್ಕುಸ್ ಟ್ರಿಸ್ಕಾ ಅದನ್ನು ಬರೆದದ್ದು ಪ್ರೋಲಾಗ್‌ನಲ್ಲೇ. ಅದಕ್ಕೆ 'ಕ, ಖ ಎರಡೂ 0ಯಿಂದ 10ರೊಳಗೆ. ಕೂಡಿದರೆ 10, ಕಳೆದರೆ 2' ಎಂದು ಹೇಳಿದರೆ ಕ 6, ಖ 4 ಎಂದು ತಕ್ಷಣ ಹೇಳುವುದಿಲ್ಲ. ಕ 2ರಿಂದ 10, ಖ 0ಯಿಂದ 8 ಎಂದು ನಿಂತುಬಿಡುತ್ತದೆ. ಇದು ದೋಷವಲ್ಲ. ಒಂದೊಂದು ಸಮೀಕರಣವನ್ನೂ ಅದು ಬೇರೆಬೇರೆಯಾಗಿ ನೋಡುತ್ತದೆ, ಎರಡನ್ನೂ ಒಟ್ಟಿಗಿಟ್ಟು ಬಿಡಿಸುವುದಿಲ್ಲ. ಬೆಲೆಗಳನ್ನು ಒಂದೊಂದಾಗಿ ಹಾಕಿ ನೋಡು ಎನ್ನುವ ಲೇಬಲ್ ಆಜ್ಞೆ ಕೊಟ್ಟಾಗ ಊಹೆ ಶುರು. ಕ 2 ಎಂದರೆ ಒಂದು ಸಮೀಕರಣ ಖವನ್ನು 8ಕ್ಕೆ ಎಳೆಯುತ್ತದೆ, ಇನ್ನೊಂದು 0ಗೆ: ಎತ್ತು ಏರಿಗೆ, ಕೋಣ ನೀರಿಗೆ. ಹಾಗಾದರೆ ಕ ಕನಿಷ್ಠ 3, ಅದರಿಂದ ಖ ಗರಿಷ್ಠ 7, ಅದರಿಂದ ಕ ಗರಿಷ್ಠ 9. ಒಂದು ತಪ್ಪು ಊಹೆಗೆ ಎರಡೂ ತುದಿ ಸವೆಯಿತು! ನಾಲ್ಕು ಊಹೆ ಸೋತ ಮೇಲೆ 6 ಮತ್ತು 4 ಬಿಟ್ಟು ಬೇರೇನೂ ಉಳಿದಿರುವುದಿಲ್ಲ.

SEND + MORE = MONEY ಎಂಬ ಲೆಕ್ಕದ ಎಂಟು ಅಕ್ಷರಗಳಿಗೆ ಬೇರೆಬೇರೆ ಅಂಕಿ ಕೊಡುವ ಪ್ರಸಿದ್ಧ ಒಗಟಿಗೆ (ಉತ್ತರ 9567 + 1085 = 10652) ಕುರುಡಾಗಿ ಪ್ರಯತ್ನಿಸಿದರೆ 18,14,400 ಜೋಡಣೆಗಳಿವೆ. ಈ ಲೈಬ್ರರಿ ಒಂದೂ ಊಹೆ ಮಾಡದೆ ಮೂರು ಅಕ್ಷರಗಳನ್ನು 9, 1, 0 ಎಂದು ನಿಗದಿ ಮಾಡಿಬಿಡುತ್ತದೆ.

ಬಳಸುವವರು ಮುಗ್ಗರಿಸುವುದು ಬಹುಪಾಲು ಸಣ್ಣ ಸಂಗತಿಗಳಲ್ಲಿ. ಈ ಲೈಬ್ರರಿಯ ಸಮಚಿಹ್ನೆಯ ಮುಂದೆ ಒಂದು ಹ್ಯಾಷ್ ಇರುತ್ತದೆ. ಆ ಗುರುತನ್ನು ಪರಿಚಯಿಸುವುದು ಲೈಬ್ರರಿಯೇ, ಮತ್ತು ಪ್ರೋಲಾಗ್ ಫೈಲನ್ನು ಒಂದೊಂದೇ ವಾಕ್ಯವಾಗಿ ಓದುತ್ತದೆ. ಹಾಗಾಗಿ ಲೈಬ್ರರಿ ಸೇರಿಸುವ ಸಾಲು ಮೊದಲು ಬರದಿದ್ದರೆ ವ್ಯಾಕರಣದೋಷ. ಅಪೆಂಡಿನಂಥವನ್ನು ಎಸ್‌ಡಬ್ಲ್ಯುಐ ಕರೆದಾಗ ತಾನೇ ಹುಡುಕಿ ತರುತ್ತದೆ, ಇದಕ್ಕೆ ಆ ಅನುಕೂಲವಿಲ್ಲ. ಇನ್ನು ನೀವು ಬರೆದ ಲೈಬ್ರರಿ ಬಳಕೆದಾರರ ನಿಯಮವೊಂದನ್ನು ಆರ್ಗ್ಯುಮೆಂಟಾಗಿ ಪಡೆದು ಕರೆಯುವುದಾದರೆ, ಅದನ್ನು ಮೆಟಾ ಪ್ರೆಡಿಕೇಟ್ ಎಂದು ಘೋಷಿಸಿ, ಕರೆಯುವಾಗ ಎಷ್ಟು ಆರ್ಗ್ಯುಮೆಂಟುಗಳನ್ನು ಸೇರಿಸುತ್ತೀರಿ ಎಂಬ ಸಂಖ್ಯೆಯನ್ನೂ ಕೊಡಿ. ಇಲ್ಲವಾದರೆ ಆ ನಿಯಮವನ್ನು ಪ್ರೋಲಾಗ್ ಲೈಬ್ರರಿಯ ಮಾಡ್ಯೂಲಿನಲ್ಲಿ ಹುಡುಕುತ್ತದೆ. ಕಣ್ಣೆದುರಿಗೇ ಇರುವ ನಿಯಮಕ್ಕೆ 'ಅಂಥದ್ದೊಂದು ಇಲ್ಲವೇ ಇಲ್ಲ' ಎಂಬ ದೂರು ಬರುತ್ತದೆ.