ಸೈನಿಕರ ಕ್ರಿಸ್‌ಮಸ್ ಕಾರ್ಡು: ತಿರುಗಿಸಿ ನೋಡಿದರೆ ಸಿಗುವ ಕತೆ

ಎರಡು ಮಹಾಯುದ್ಧಗಳ ಕಾಲದಲ್ಲಿ ಸೈನಿಕರು ಮನೆಗೆ ಕಳಿಸಿದ ಕ್ರಿಸ್‌ಮಸ್ ಕಾರ್ಡುಗಳನ್ನು ಹತ್ತಿಪ್ಪತ್ತು ಒಟ್ಟಿಗೆ ಹರಡಿಕೊಂಡು ನೋಡಿ. ಅಯ್ಯೋ, ಎಲ್ಲ ಒಂದೇ ಥರ ಇವೆಯಲ್ಲ ಅನ್ನಿಸುತ್ತದೆ. ಬಾವುಟ, ಹೂವು, ಹಕ್ಕಿ, ಗಂಟೆ, ಶುಭಾಶಯದ ಒಂದು ಸಾಲು. ಕೆಸರಿಲ್ಲ, ಹೇನಿಲ್ಲ, ಹೆಣವಿಲ್ಲ. ಆದರೂ ಇವನ್ನು ಹುಡುಕಿ ಕೂಡಿಡುವವರು ಯುರೋಪು, ಅಮೆರಿಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಿಗೆ ಇದರಲ್ಲಿ ಏನು ಕಾಣುತ್ತದೆ? ಅದಕ್ಕೆ ಉತ್ತರ ಬೇಕಾದರೆ ಈ ಕಾರ್ಡುಗಳು ಹೀಗೆ ಒಂದೇ ಥರ ಯಾಕಾದವು ಅನ್ನುವುದನ್ನು ಮೊದಲು ನೋಡಬೇಕು.

ಕ್ರಿಸ್‌ಮಸ್ ಕಾರ್ಡು ಹುಟ್ಟಿದ್ದು ಅಂಚೆ ಅಗ್ಗವಾದ ಮೇಲೆ. ಬ್ರಿಟನ್ನಿನಲ್ಲಿ 1840ರಲ್ಲಿ ಒಂದು ಪೆನ್ನಿಗೆ ಕಾಗದ ಹೋಗತೊಡಗಿತು. 1843ರಲ್ಲಿ ಹೆನ್ರಿ ಕೋಲ್ ಎಂಬಾತ ಚಿತ್ರಕಾರ ಜಾನ್ ಹಾರ್ಸ್ಲಿಯಿಂದ ಒಂದು ಚಿತ್ರ ಬರೆಸಿ ಮಾರಾಟಕ್ಕೆ ಕಾರ್ಡು ಮುದ್ರಿಸಿದ. 1902ರಲ್ಲಿ ಪೋಸ್ಟ್‌ಕಾರ್ಡಿನ ಹಿಂಬದಿಯಲ್ಲಿ ವಿಳಾಸದ ಪಕ್ಕದಲ್ಲೇ ಸುದ್ದಿ ಬರೆಯಲು ಅಲ್ಲಿ ಅನುಮತಿ ಸಿಕ್ಕಿತು. ಮುಂಬದಿ ಪೂರ್ತಿ ಚಿತ್ರಕ್ಕೇ ಉಳಿಯಿತು. ಆಮೇಲೆ ಶುರುವಾದದ್ದು ಕಾರ್ಡಿನ ಹುಚ್ಚು. ಕಾರ್ಡು ಕೂಡಿಡುವ ಆಲ್ಬಂ ಸಾಮಾನ್ಯರ ಮನೆಗೂ ಬಂತು. ಇದನ್ನು ನೆನಪಿಡಬೇಕು. 1914ರಲ್ಲಿ ಫ್ರಾನ್ಸಿಗೆ ಹೋದ ಹುಡುಗ ತಂಗಿಗೆ ಕಾರ್ಡು ಕಳಿಸುವಾಗ, ಅದು ಓದಿ ಎಸೆಯುವ ಕಾಗದ ಅಲ್ಲ, ಆಲ್ಬಂ ಸೇರುತ್ತದೆ ಅಂತ ಇಬ್ಬರಿಗೂ ಗೊತ್ತಿತ್ತು. ಇಷ್ಟೊಂದು ಕಾರ್ಡು ಇವತ್ತಿಗೂ ಉಳಿದಿರುವುದಕ್ಕೆ ಅದೇ ದೊಡ್ಡ ಕಾರಣ.

ಆದರೆ ಬರೆಯುವುದಕ್ಕೇ ಅಂಕುಶವಿತ್ತು. ಬ್ರಿಟಿಷ್ ಸೈನಿಕನಿಗೆ ಯುದ್ಧಭೂಮಿಯಿಂದ ಅಂಚೆ ಪುಕ್ಕಟೆ. ಅವನ ಕಾಗದ ಓದುವ ಕೆಲಸ ಮಾತ್ರ ಅವನದೇ ಪಡೆಯ ಅಧಿಕಾರಿಯದು. ಊರಿನ ಹೆಸರು ಬರೆಯುವಂತಿಲ್ಲ, ಪಡೆ ಎಲ್ಲಿಗೆ ಹೊರಟಿದೆ ಅಂತ ಹೇಳುವಂತಿಲ್ಲ. ಸರ್ಕಾರವೇ ಕೊಡುತ್ತಿದ್ದ ಫೀಲ್ಡ್ ಪೋಸ್ಟ್‌ಕಾರ್ಡು ಇನ್ನೂ ಬಿಗಿ. ಅದರಲ್ಲಿ ಸಾಲುಗಳೆಲ್ಲ ಮೊದಲೇ ಅಚ್ಚಾಗಿದ್ದವು: ನಾನು ಚೆನ್ನಾಗಿದ್ದೇನೆ, ಆಸ್ಪತ್ರೆಗೆ ಸೇರಿದ್ದೇನೆ, ನಿಮ್ಮ ಪತ್ರ ತಲುಪಿತು. ಬೇಡದ್ದನ್ನು ಹೊಡೆದುಹಾಕಿ, ಸಹಿ ಮತ್ತು ತಾರೀಕು ಹಾಕಬೇಕು, ಅಷ್ಟೇ. ಬೇರೆ ಏನೇ ಸೇರಿಸಿದರೂ ಕಾರ್ಡನ್ನು ನಾಶ ಮಾಡಲಾಗುವುದು ಅಂತ ಅದರಲ್ಲೇ ಅಚ್ಚಾಗಿತ್ತು. ಅಂದರೆ ಅದರ ಮೇಲೆ ಅಮ್ಮನಿಗೆ ಹಬ್ಬದ ಶುಭಾಶಯ ಹೇಳಲೂ ದಾರಿಯಿರಲಿಲ್ಲ.

ಹಾಗಾಗಿ ಕೊಂಡ ಕಾರ್ಡೇ ಗತಿ. ಫ್ರಾನ್ಸಿನಲ್ಲಿ ಇದ್ದವರಿಗೆ ಸುಲಭವಾಗಿ ಸಿಗುತ್ತಿದ್ದದ್ದು ರೇಷ್ಮೆ ಕಸೂತಿಯ ಕಾರ್ಡು, ಇವತ್ತು ಸಂಗ್ರಹಕಾರರು ಜಾಸ್ತಿ ಕೈಹಾಕುವುದೂ ಅದಕ್ಕೇ. ತೆಳ್ಳಗಿನ ರೇಷ್ಮೆ ಬಲೆಬಟ್ಟೆಯ ಪಟ್ಟಿಯ ಮೇಲೆ ಒಂದೇ ಚಿತ್ರವನ್ನು ಸಾಲಾಗಿ ಹೊಲಿದು, ಕತ್ತರಿಸಿ, ಉಬ್ಬು ಅಂಚಿನ ರಟ್ಟಿಗೆ ಅಂಟಿಸುತ್ತಿದ್ದರು. ಬ್ರಿಟನ್, ಫ್ರಾನ್ಸ್, ಬೆಲ್ಜಿಯಂ ಬಾವುಟಗಳು, ಪ್ಯಾನ್ಸಿ ಹೂವು, ಪಡೆಗಳ ಲಾಂಛನ. ಕೆಲವದರಲ್ಲಿ ರೇಷ್ಮೆಯೇ ಒಂದು ಪುಟ್ಟ ಜೇಬಾಗಿ, ಒಳಗೆ ಬೆರಳಗಲದ ಇನ್ನೊಂದು ಕಾರ್ಡು ಇರುತ್ತದೆ. ದಿನಕ್ಕೆ ಒಂದು ಶಿಲಿಂಗ್ ಸಂಬಳದವನಿಗೆ ಇದು ಅಗ್ಗದ ಮಾಲಲ್ಲ. ನೂಲು ಸಿಕ್ಕಿಕೊಳ್ಳಬಾರದು ಅಂತ ಲಕೋಟೆಯೊಳಗೆ, ಕಾಗದದ ಜೊತೆ ಇಟ್ಟು ಕಳಿಸುತ್ತಿದ್ದರು. ಅದಕ್ಕೇ ಎಷ್ಟೋ ರೇಷ್ಮೆ ಕಾರ್ಡಿನ ಹಿಂಬದಿಯಲ್ಲಿ ವಿಳಾಸ ಇರುವುದಿಲ್ಲ, ಮುದ್ರೆ ಇರುವುದಿಲ್ಲ, ಬರೀ ಪೆನ್ಸಿಲ್ಲಿನ ಎರಡು ಸಾಲು.

ಇವನ್ನೆಲ್ಲ ಫ್ರಾನ್ಸ್, ಬೆಲ್ಜಿಯಂನ ಹೆಂಗಸರು ಮನೆಯಲ್ಲಿ ಕೂತು ಕೈಯಲ್ಲೇ ಹೊಲಿದರು ಅಂತ ಬಹಳ ಕಾಲ ಹೇಳಿಕೊಂಡು ಬಂದರು. ಮಾರುವವರಿಗೂ ಈ ಕತೆ ಇಷ್ಟ ಅನ್ನಿ. ಆದರೆ ಹೊಲಿಗೆಯನ್ನು ಹತ್ತಿರದಿಂದ ನೋಡಿದವರು ಬೇರೆ ಮಾತು ಹೇಳುತ್ತಾರೆ. ಒಂದೇ ಚಿತ್ರದ ಎರಡು ಕಾರ್ಡಿನಲ್ಲಿ ಹೊಲಿಗೆಗೆ ಹೊಲಿಗೆ ತಾಳೆಯಾಗುತ್ತದೆ, ತಪ್ಪಿದ ಕಡೆಯೂ ಒಂದೇ. ಕೈಯಿಂದ ನಡೆಸುವ ಕಸೂತಿ ಯಂತ್ರದ ಕೆಲಸ ಹೀಗಿರುತ್ತದೆ. ಕೆಲಸಗಾರ ದೊಡ್ಡದಾಗಿ ಬರೆದ ನಕ್ಷೆಯ ಮೇಲೆ ಕಡ್ಡಿ ಆಡಿಸಿದರೆ, ಹತ್ತಾರು ಸೂಜಿಗಳು ಅದೇ ಹೂವನ್ನು ಚಿಕ್ಕದಾಗಿ ಒಟ್ಟಿಗೆ ಹೊಲಿಯುತ್ತವೆ. ಪ್ರೀತಿಯ ಕುರುಹು ಅಂತ ಮನೆಗೆ ಬಂದದ್ದು ಕಾರ್ಖಾನೆಯ ಸರಕು ಅಂತಾದರೆ ಅದರ ಬೆಲೆ ಕಡಿಮೆಯಾಗುತ್ತದಾ? ನನಗೇನೂ ಹಾಗನ್ನಿಸುವುದಿಲ್ಲ. ಆರಿಸಿ ತೆಗೆದುಕೊಂಡವನು ಅವನೇ ಅಲ್ವಾ.

ಊರ ಕಡೆಯಿಂದ ಯುದ್ಧಭೂಮಿಗೂ ಕಾರ್ಡು ಹೋಗುತ್ತಿತ್ತು. 1914ರ ಕ್ರಿಸ್‌ಮಸ್‌ಗೆ ಬ್ರಿಟನ್ನಿನ ಹದಿನೇಳು ವರ್ಷದ ರಾಜಕುಮಾರಿ ಮೇರಿಯ ಹೆಸರಿನಲ್ಲಿ ಜನರಿಂದ ಹಣ ಎತ್ತಿ ಸೈನಿಕರಿಗೆ ಹಿತ್ತಾಳೆ ಡಬ್ಬಿ ಹಂಚಿದರು. ತಂಬಾಕು, ಸಿಗರೇಟು, ಒಂದು ಶುಭಾಶಯದ ಕಾರ್ಡು. ಭಾರತೀಯ ಪಡೆಗಳು ಆಗ ಫ್ರಾನ್ಸಿನ ಕಂದಕಗಳಲ್ಲಿದ್ದವು. ಅವರ ಡಬ್ಬಿಯ ಲೆಕ್ಕ ಬೇರೆ. ಸಿಖ್ಖರಿಗೆ ತಂಬಾಕಿನ ಬದಲು ಕಲ್ಲುಸಕ್ಕರೆ ಮತ್ತು ಮಸಾಲೆಯ ಚಿಕ್ಕ ಡಬ್ಬಿ, ಗೂರ್ಖಾಗಳಿಗೆ ಬ್ರಿಟಿಷರಿಗೆ ಕೊಟ್ಟದ್ದೇ, ಉಳಿದ ಭಾರತೀಯರಿಗೆ ಸಿಗರೇಟು, ಕಲ್ಲುಸಕ್ಕರೆ, ಮಸಾಲೆ. ಕ್ರಿಸ್‌ಮಸ್ ಕಾರ್ಡು ಮಾತ್ರ ಧರ್ಮ ನೋಡದೆ ಎಲ್ಲರಿಗೂ. ಯುದ್ಧ ಎಳೆದಂತೆ ಸೇನೆಯ ಡಿವಿಷನ್ನುಗಳು, ಅಂದರೆ ಸಾವಿರಾರು ಸೈನಿಕರ ದೊಡ್ಡ ಪಡೆಗಳು, ತಮ್ಮದೇ ಕಾರ್ಡು ಅಚ್ಚು ಹಾಕಿಸತೊಡಗಿದವು. ಎದುರು ಪಾಳೆಯದ ಜರ್ಮನ್ನರ ಕಾರ್ಡಿನಲ್ಲೂ ಕಂದಕದೊಳಗೆ ಮೇಣದಬತ್ತಿ ಹಚ್ಚಿದ ಕ್ರಿಸ್‌ಮಸ್ ಮರ, ಮೇಲೆ ದೇವದೂತ.

ಎರಡನೇ ಮಹಾಯುದ್ಧದಲ್ಲಿ ವಿಮಾನದ ಜಾಗ ತುಟ್ಟಿಯಾಯಿತು. 1941ರಲ್ಲಿ ಬ್ರಿಟನ್ ಏರ್‌ಗ್ರಾಫ್ ಶುರು ಮಾಡಿತು, 1942ರಲ್ಲಿ ಅಮೆರಿಕ ವಿ-ಮೇಲ್. ಸೈನಿಕ ಒಂದು ಹಾಳೆಯಲ್ಲಿ ಬರೆದದ್ದನ್ನು ಚಿಕ್ಕ ಫಿಲ್ಮಿಗೆ ಇಳಿಸಿ, ಆ ಸುರುಳಿಯನ್ನು ಮಾತ್ರ ವಿಮಾನದಲ್ಲಿ ಕಳಿಸಿ, ಆ ಕಡೆ ಮತ್ತೆ ಕಾಗದದ ಮೇಲೆ ಮೂಡಿಸುವ ವ್ಯವಸ್ಥೆ. 37 ಚೀಲದಷ್ಟು ಅಂಚೆ ಒಂದೇ ಚೀಲಕ್ಕೆ ಇಳಿಯುತ್ತಿತ್ತು. ಹಬ್ಬಕ್ಕೆ ಅಂತಲೇ ಚಿತ್ರವಿದ್ದ ಹಾಳೆಗಳು ಬಂದವು. ಕೈಯಲ್ಲಿ ಚಿತ್ರ ಬರೆಯಬಲ್ಲವರು ಒಂಟೆ, ತಾಳೆಮರ, ಬೆವರು ಸುರಿಸುವ ಸಾಂತಾಕ್ಲಾಸ್ ಬರೆದು ಕಳಿಸಿದರು. ಆದರೆ ಮನೆಗೆ ಬಂದದ್ದು ಅಂಗೈಯಗಲದ ಕಪ್ಪುಬಿಳುಪು ಫೋಟೊ. ಮಗ ಮುಟ್ಟಿದ ಹಾಳೆ ಆ ಕಡೆಯೇ ಉಳಿಯಿತು. ಈ ಕಾರ್ಡಿನಲ್ಲಿ ಅವನ ಬೆರಳ ಗುರುತಿಲ್ಲ, ಅವನ ಶಾಯಿಯಿಲ್ಲ, ಇರುವುದು ಅಕ್ಷರದ ನೆರಳು ಮಾತ್ರ. ಹಾಗಂತ ಕೆಲವು ಸಂಗ್ರಹಕಾರರು ಇವನ್ನು ಕೀಳಾಗಿ ನೋಡುವುದು ನನಗೆ ಸರಿಕಾಣುವುದಿಲ್ಲ.

ಈಗ ಸಂಗ್ರಹದ ವಿಷಯಕ್ಕೆ ಬರೋಣ. ಚೆಂದದ ರೇಷ್ಮೆ, ಅಪರೂಪದ ಲಾಂಛನ ಹುಡುಕುವವರು ಮುಂಬದಿ ನೋಡಿ ಕೊಳ್ಳುತ್ತಾರೆ. ನನ್ನ ಪ್ರಕಾರ ನಿಜವಾದ ಮಾಲು ಹಿಂಬದಿಯಲ್ಲಿದೆ. ಲಕೋಟೆಯೂ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಫೀಲ್ಡ್ ಪೋಸ್ಟ್ ಆಫೀಸಿನ ದುಂಡು ಮುದ್ರೆಯಲ್ಲಿ ಊರಿನ ಹೆಸರಿಲ್ಲ, ಬರೀ ಅಕ್ಷರ, ಅಂಕಿ ಮತ್ತು ತಾರೀಕು. ಆ ಗುರುತಿನ ಅಂಚೆ ಕಚೇರಿ ಆ ದಿನ ಯಾವ ಪಡೆಯ ಜೊತೆ ಇತ್ತು ಅನ್ನುವ ಪಟ್ಟಿಗಳಿವೆ. ಪಕ್ಕದಲ್ಲಿ ಸೆನ್ಸಾರ್ ಮುದ್ರೆ, ಅಂದರೆ ಕಾಗದ ಓದಿ ಬಿಟ್ಟಿದ್ದಾರೆ ಅನ್ನುವ ಗುರುತು. ಅದರ ಆಕಾರವನ್ನು ಯುದ್ಧದುದ್ದಕ್ಕೂ ಬದಲಿಸುತ್ತಾ ಹೋದರು. ಮೊದಲು ದುಂಡಗೆ, ಆಮೇಲೆ ಚೌಕ, ತ್ರಿಕೋನ, ಆರು ಮೂಲೆ. ತಾರೀಕು ಅಳಿಸಿಹೋಗಿದ್ದರೂ ಆಕಾರ ನೋಡಿ ಸುಮಾರು ಕಾಲ ಹೇಳಬಹುದು. ಮೂಲೆಯಲ್ಲಿ ಓದಿದ ಅಧಿಕಾರಿಯ ಸಹಿ. ಸೈನಿಕ ಬಾಯಿಬಿಟ್ಟು ಹೇಳುವಂತಿರದ ಊರನ್ನು ಮುದ್ರೆಗಳೇ ಹೇಳಿಬಿಡುತ್ತವೆ.

ಇದು ಸುಮ್ನೆ ಹವ್ಯಾಸದ ಚಪಲ ಅಲ್ಲ. 1940ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಆರ್ನ್‌ಸೈಡ್ ಬೀದಿಯ ದಾಖಲೆ ಮಳಿಗೆಗೆ ಜರ್ಮನ್ ಬಾಂಬು ಬಿದ್ದು, ಮೊದಲ ಮಹಾಯುದ್ಧದ ಬ್ರಿಟಿಷ್ ಸೈನಿಕರ ಸೇವಾ ದಾಖಲೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸುಟ್ಟುಹೋದವು. ಹಾಗೆ ದಾಖಲೆ ಕಳೆದುಕೊಂಡವನ ಮನೆಯವರಿಗೆ, 1916ರ ಡಿಸೆಂಬರಿನಲ್ಲಿ ಅವನು ಎಲ್ಲಿದ್ದ ಅಂತ ಹೇಳಲು ಒಂದು ಹೂವಿನ ಕಾರ್ಡು ಮತ್ತು ಅದರ ಲಕೋಟೆ ಸಾಕಾಗಬಹುದು.

ಇಂಥ ಸಂಗ್ರಹಗಳಲ್ಲಿ ಭಾರತೀಯ ಸೈನಿಕ ಕಾಣುವುದು ವಿಚಿತ್ರ ರೀತಿಯಲ್ಲಿ. ಮಾರ್ಸೇಲ್ಸ್ ಬಂದರಿನಲ್ಲಿ ಇಳಿದ ನಮ್ಮವರ ಫೋಟೊ ತೆಗೆದು ಫ್ರೆಂಚರು ಪೋಸ್ಟ್‌ಕಾರ್ಡು ಮಾಡಿ ಮಾರಿದರು. ಹಾಗಾಗಿ ಕಾರ್ಡಿನ ಚಿತ್ರದಲ್ಲಿ ಅವನು ಎದ್ದು ಕಾಣುತ್ತಾನೆ, ಕಳಿಸಿದವನ ಜಾಗದಲ್ಲಿ ಅಪರೂಪ. ಹೆಚ್ಚಿನವರಿಗೆ ಅದು ಅವರ ಹಬ್ಬವಲ್ಲ. ಓದುಬರಹ ಬಾರದ ಎಷ್ಟೋ ಮಂದಿ ಬೇರೆಯವರಿಂದ ಕಾಗದ ಬರೆಸುತ್ತಿದ್ದರು. ಆ ಕಾಗದಗಳಿಂದ ಸೆನ್ಸಾರಿನವರು ಅನುವಾದ ಮಾಡಿಕೊಂಡ ತುಣುಕುಗಳು ಇವತ್ತು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಹಳ್ಳಿ ತಲುಪಿದ ಮೂಲ ಕಾಗದಗಳಿಗೆ ಆಲ್ಬಮ್ಮಿನ ಆಸರೆ ಇರಲಿಲ್ಲ. ಬೆಂಗಳೂರಿಗೂ ಈ ಅಂಚೆಯ ನಂಟಿದೆ, ಉಲ್ಟಾ ದಿಕ್ಕಿನಲ್ಲಿ. ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರನ್ನು ಎರಡನೇ ಮಹಾಯುದ್ಧದಲ್ಲಿ ಇಲ್ಲಿನ ಶಿಬಿರಗಳಲ್ಲಿ ಇಟ್ಟಿದ್ದರು. ಅವರು ಮನೆಗೆ ಬರೆದ ಕಾಗದಗಳನ್ನು ಅಂಚೆ ಇತಿಹಾಸದವರು ಹುಡುಕುತ್ತಾರೆ.

ಹೊಸದಾಗಿ ಕೊಳ್ಳುವವರು ಗಮನಿಸಬೇಕಾದದ್ದು ಒಂದೆರಡು ಇದೆ. 1939–40ರಲ್ಲಿ ಬ್ರಿಟಿಷ್ ಸೇನೆ ಫ್ರಾನ್ಸಿಗೆ ಮತ್ತೆ ಹೋದಾಗ ರೇಷ್ಮೆ ಕಾರ್ಡು ಮತ್ತೊಮ್ಮೆ ಮಾರಾಟಕ್ಕೆ ಬಂತು, ಅದನ್ನು ಮೊದಲ ಯುದ್ಧದ್ದು ಅಂದುಕೊಂಡು ದುಡ್ಡು ಕೊಡಬೇಡಿ. ಸೆಲ್ಲೋಟೇಪ್ ಬೇಡ, ಲ್ಯಾಮಿನೇಷನ್ ಬೇಡ, ಪಿವಿಸಿ ಹಾಳೆಯ ಆಲ್ಬಂ ಬೇಡ, ಬಿಸಿಲಿಗೆ ಬೀಳುವ ಗೋಡೆಯ ಮೇಲೆ ತೂಗುಹಾಕುವುದೂ ಬೇಡ. ಇದಕ್ಕಿಂತ ದೊಡ್ಡ ಹಾನಿ ಆಗುವುದು ಮಾರಾಟದಲ್ಲಿ. ಒಬ್ಬನೇ ಸೈನಿಕ ನಾಲ್ಕು ವರ್ಷ ಕಳಿಸಿದ ಕಾರ್ಡಿನ ಕಟ್ಟು ಸಿಕ್ಕರೆ, ವ್ಯಾಪಾರಿ ಬಿಚ್ಚಿ ಬಿಡಿಬಿಡಿಯಾಗಿ ಮಾರುತ್ತಾನೆ. ಲಾಂಛನ ಒಬ್ಬರಿಗೆ, ಮುದ್ರೆ ಇನ್ನೊಬ್ಬರಿಗೆ, ಬರಹವಿಲ್ಲದ ಹೂವು ಮತ್ತೊಬ್ಬರಿಗೆ. ಬಿಡಿಯಾಗಿ ಮಾರಿದರೇ ಲಾಭ ಜಾಸ್ತಿ, ಆದರೆ ಯಾರು ಯಾರಿಗೆ ಬರೆದದ್ದು ಅನ್ನುವುದು ಅಲ್ಲಿಗೆ ಮುಗಿಯಿತು. ಅಂಥ ಕಟ್ಟು ನಿಮ್ಮ ಕೈಗೆ ಬಂದರೆ ಹಾಗೇ ಇಟ್ಟುಕೊಳ್ಳಿ. ಮಾರಲೇಬೇಕಾದರೆ ಎರಡೂ ಬದಿಯ ಫೋಟೊ ತೆಗೆದು, ಯಾವುದರ ಜೊತೆ ಯಾವುದಿತ್ತು ಅಂತ ಬರೆದು, ಆ ಚೀಟಿಯನ್ನೂ ಕೊಂಡವರಿಗೆ ಕೊಡಿ.